ಮೊಟ್ಟೆ ಇಲ್ಲ ಸರಿ, ಸಕ್ಕರೆ ಎಷ್ಟು?

"ಡಾಕ್ಟ್ರೇ, ಇದಕ್ಕೆ ಮೊಟ್ಟೆ ಹಾಕಿಲ್ಲ. ಒಂದು ತಿಂದರೆ ಏನೂ ಆಗಲ್ಲ ಅಲ್ವಾ?" ಈದ್ ಹತ್ತಿರವಾದಾಗ ಸಕ್ಕರೆ ಕಾಯಿಲೆ ಇರುವವರು ಕೇಳುವ ಪ್ರಶ್ನೆಯಿದು. ಗುಲಾಬ್ ಜಾಮೂನ್ ಕಪ್ ಕೇಕ್, ರಸಮಲಾಯಿ ಕಪ್ ಕೇಕ್ ಈಗ ನಮ್ಮ ಅಡುಗೆಮನೆಗಳಿಗೂ ಬಂದಿವೆ. ಮನೆಯಲ್ಲೇ ಬೇಯಿಸಿ, ಆರ್ಡರ್ ಪಡೆದು ನಾಲ್ಕು ಕಾಸು ಸಂಪಾದಿಸುವ ಸಹೋದರಿಯರೂ ಇದ್ದಾರೆ. ಸಂತೋಷದ ವಿಷಯ. ಆದರೆ 'ಎಗ್‌ಲೆಸ್' ಎಂಬ ಪದವನ್ನು ನಾವು 'ಆರೋಗ್ಯಕರ' ಎಂದು ಓದತೊಡಗಿದ್ದೇವೆ. ನನ್ನ ತಕರಾರು ಅದರ ಬಗ್ಗೆ.

ಮೊದಲು ಮೊಟ್ಟೆಯ ವಿಷಯ. ಅದು ನಮಗೆ ಹಲಾಲ್ ಆಹಾರ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಯುನಾನಿ ವೈದ್ಯರು ಅರೆಬೆಂದ ಮೊಟ್ಟೆಯನ್ನು ಉತ್ತಮ ಪೋಷಕ ಆಹಾರವೆಂದೇ ಪರಿಗಣಿಸಿದ್ದಾರೆ. ಹಾಗಾದರೆ ನಾವು ಮೊಟ್ಟೆ ಬಿಡುವುದೇಕೆ? ಎರಡು ಒಳ್ಳೆಯ ಕಾರಣಗಳಿವೆ. ಒಂದು, ಮೊಟ್ಟೆಯ ಅಲರ್ಜಿ ಇರುವ ಮಗು ಮನೆಯಲ್ಲಿರುವುದು. ಇನ್ನೊಂದು, ಮೊಟ್ಟೆ ತಿನ್ನದ ನೆರೆಮನೆಯವರು. ಸಾರು ಮಾಡುವಾಗ ನೀರು ಹೆಚ್ಚಿಸಿಯಾದರೂ ನೆರೆಯವರಿಗೆ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅವರು ತಿನ್ನುವಂಥದ್ದನ್ನೇ ಮಾಡಿ ಕೊಡುವುದು ಆ ಪಾಠದ ಮುಂದುವರಿಕೆ. ಆಗ ಪ್ರಾಮಾಣಿಕತೆಯೂ ಬೇಕು. ಮೊಟ್ಟೆ ಕಲಸಿದ ಪಾತ್ರೆ, ಬೀಟರ್, ಟ್ರೇಗಳನ್ನು ಸೋಪು ಹಾಕಿ ಚೆನ್ನಾಗಿ ತೊಳೆಯದೆ 'ಎಗ್‌ಲೆಸ್' ಎಂದು ಹೇಳಬೇಡಿ. ನೆರೆಯವರಿಗೆ ಅದು ನಂಬಿಕೆಯ ವಿಷಯ, ಅಲರ್ಜಿ ಇರುವ ಮಗುವಿಗೆ ಪ್ರಾಣದ ವಿಷಯ. ಮೇಲೆ ಉದುರಿಸುವ ಪಿಸ್ತಾ, ಬಾದಾಮಿಯನ್ನೂ ತಿಳಿಸಿ ಕೊಡಿ. ಅವುಗಳ ಅಲರ್ಜಿಯೂ ಹಲವರಿಗಿದೆ.

ಈಗ ಸಕ್ಕರೆಯ ಲೆಕ್ಕ ನೋಡಿ. ಮೊಟ್ಟೆಯ ಬದಲಿಗೆ ಅನೇಕರು ಬಳಸುವುದು ಕಂಡೆನ್ಸ್ಡ್ ಮಿಲ್ಕ್. 400 ಗ್ರಾಂನ ಅರ್ಧ ಡಬ್ಬಿಯಲ್ಲಿ ಸೇರಿಸಿದ ಸಕ್ಕರೆಯೇ ಸುಮಾರು 90 ಗ್ರಾಂ. ಹಿಟ್ಟಿಗೆ ಇನ್ನು 100 ಗ್ರಾಂ, ಮೇಲಿನ ಕ್ರೀಮಿಗೆ ಪುಡಿ ಸಕ್ಕರೆ 250 ಗ್ರಾಂ ಎಂದುಕೊಳ್ಳಿ. ಒಟ್ಟು 440 ಗ್ರಾಂ. ಹನ್ನೆರಡು ಕೇಕಿಗೆ ಹಂಚಿದರೆ ಒಂದೊಂದಕ್ಕೆ 36 ಗ್ರಾಂಗಿಂತ ಹೆಚ್ಚು, ಅಂದರೆ ಏಳು ಟೀ ಚಮಚ! ಒಳಗೆ ಅಡಗಿಸಿಡುವ ಜಾಮೂನು ಹೀರಿಕೊಂಡ ಪಾಕ ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ, ದಿನಕ್ಕೆ 2000 ಕ್ಯಾಲೊರಿ ಬೇಕಾದ ವಯಸ್ಕರು ಇಂಥ ಸಕ್ಕರೆಯನ್ನು 50 ಗ್ರಾಂ ಮೀರಬಾರದು, 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಮಕ್ಕಳ ಮಿತಿ ಅದಕ್ಕಿಂತ ಕಡಿಮೆ. ಎರಡು ಕಪ್ ಕೇಕ್ ತಿಂದರೆ ದೊಡ್ಡವರ ಮಿತಿಯೂ ದಾಟಿತು. ಶೀರ್ ಖುರ್ಮಾ, ಶರಬತ್ತು ಇನ್ನೂ ಬಾಕಿ ಇದೆ.

ಜಾಮೂನು ತಾನೇ ಒಂದು ಸಿಹಿ, ಕೇಕ್ ಇನ್ನೊಂದು. ಎರಡನ್ನೂ ಸೇರಿಸಿದಾಗ ರುಚಿ ಹೊಸದಾಗಬಹುದು, ಆದರೆ ಸಕ್ಕರೆಯೂ ಕೂಡುತ್ತದೆ. ಮೈದಾ, ಕ್ರೀಮ್, ಖೋವಾ ಒಟ್ಟಾದುದನ್ನು ಯುನಾನಿಯಲ್ಲಿ 'ಸಖೀಲ್', ಅಂದರೆ ಜೀರ್ಣಕ್ಕೆ ಭಾರವಾದ ಆಹಾರ ಎನ್ನುತ್ತೇವೆ. ಇಡೀ ದಿನದ ಉಪವಾಸದ ನಂತರ ಅದನ್ನೇ ಮೊದಲು ಹೊಟ್ಟೆಗೆ ಹಾಕುವುದು ಜಾಣತನವಲ್ಲ. ಪ್ಯಾಕೆಟ್ ಮೇಲಿನ ಹಸಿರು ಗುರುತು ಸಸ್ಯಾಹಾರವೆಂದು ಹೇಳುತ್ತದೆ, ಸಕ್ಕರೆ ಎಷ್ಟೆಂದು ಹೇಳುವುದಿಲ್ಲ.

ಹಾಗೆಂದು ಕೇಕ್ ಮಾಡಲೇಬೇಡಿ ಎನ್ನುವುದಿಲ್ಲ. ಹೀಗೆ ಮಾಡಿ ನೋಡಿ: ಗೋಧಿ ಹಿಟ್ಟು ಮತ್ತು ಮೈದಾ ಸಮನಾಗಿ ಸೇರಿಸಿ ಒಂದೂವರೆ ಕಪ್, ಬೇಕಿಂಗ್ ಪೌಡರ್ ಒಂದು ಟೀ ಚಮಚ ಜರಡಿ ಹಿಡಿದಿಡಿ. ಒಂದು ಕಪ್ ಮೊಸರಿಗೆ 90 ಗ್ರಾಂ ಸಕ್ಕರೆ, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಕಲಕಿ. ಮೊಸರಿನ ಹುಳಿ ಸೋಡಾದ ಜತೆ ಸೇರಿ ಗುಳ್ಳೆಗಳೆದ್ದಾಗ ಅರ್ಧ ಕಪ್ ಎಣ್ಣೆ, ಏಲಕ್ಕಿ ಪುಡಿ, ಹಾಲಿನಲ್ಲಿ ನೆನೆಸಿದ ಕೇಸರಿ ಸೇರಿಸಿ. ಮೊಟ್ಟೆಯಿಲ್ಲದೆ ಕೇಕನ್ನು ಉಬ್ಬಿಸುವುದು ಆ ಗುಳ್ಳೆಗಳೇ. ನಂತರ ಹಿಟ್ಟು ಬೆರೆಸಿ, ತೀರಾ ಗಟ್ಟಿಯಾದರೆ ಸ್ವಲ್ಪ ಹಾಲು ಸೇರಿಸಿ, ತಡಮಾಡದೆ 180 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಬೇಯಿಸಿ. ಕ್ರೀಮ್ ಬೇಡ, ಪಿಸ್ತಾ ಚೂರು ಸಾಕು. ಹನ್ನೆರಡು ಮಾಡಿದರೆ ಒಂದಕ್ಕೆ ಏಳೂವರೆ ಗ್ರಾಂ ಸಕ್ಕರೆ. ಏಲಕ್ಕಿ, ಕೇಸರಿಯ ಪರಿಮಳದಲ್ಲಿ ರಸಮಲಾಯಿಯ ನೆನಪು ಬಂದೇ ಬರುತ್ತದೆ. ಮೇಲೆ ರಬ್ಡಿ ಹಾಕಲೇಬೇಕಿದ್ದರೆ ತಿನ್ನುವ ಹೊತ್ತಿಗೆ ಒಂದು ಚಮಚ ಹಾಕಿ. ಹಾಲಿನ ಕೆನೆಯ ಪದಾರ್ಥಗಳನ್ನು ಎರಡು ಗಂಟೆಗಿಂತ ಹೆಚ್ಚು ಫ್ರಿಜ್‌ನ ಹೊರಗಿಡಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಇದೂ ಸಿಹಿಯೇ, ಹಿಟ್ಟೂ ಸಕ್ಕರೆ ಏರಿಸುತ್ತದೆ. ಅರ್ಧ ತಿನ್ನಿ, ಅಂದಿನ ಬೇರೆ ಸಿಹಿ ಬಿಡಿ. ಕೇಕ್ ತಿಂದೆನೆಂದು ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ, ವೈದ್ಯರನ್ನು ಕೇಳಿ. ಮನೆಯವರು "ಹಬ್ಬ ಅಲ್ವಾ, ಒಂದು ತಿನ್ನಿ" ಎಂದು ಅಬ್ಬಾ, ಅಮ್ಮನನ್ನು ಒತ್ತಾಯಿಸುವುದನ್ನು ನಿಲ್ಲಿಸಲಿ. ಆ ಪ್ರೀತಿಯ ಬೆಲೆ ಕಟ್ಟುವುದು ಅವರ ಕಣ್ಣು, ಕಿಡ್ನಿ, ಪಾದಗಳು.

ಮೊಟ್ಟೆ ಬಿಟ್ಟು ನೆರೆಯವರನ್ನು ಗೌರವಿಸಿದ್ದೀರಿ. ಸಕ್ಕರೆ ತಗ್ಗಿಸಿ ಮನೆಯವರನ್ನೂ, ಆ ನೆರೆಯವರನ್ನೂ ಕಾಪಾಡಿ. ಹಲಾಲ್ ಆಗಿರುವುದು ತಯ್ಯಿಬ್, ಅಂದರೆ ಉತ್ತಮವೂ ಆಗಿರಲಿ. ತಿನ್ನಲು ಅನುಮತಿಸಿದ ಅಲ್ಲಾಹನು ಮಿತಿ ಮೀರಬೇಡಿರೆಂದೂ ಹೇಳಿದ್ದಾನೆ. ನಮ್ಮ ಹಬ್ಬದ ತಟ್ಟೆಗೆ ಅವನು ಬರ್ಕತ್ ನೀಡಲಿ.