ಬಾಲ ಜಾರಿಸುವ ವಿದ್ಯೆ: ಎರಡು ಗಾಲಿಯೋ, ನಾಲ್ಕು ಗಾಲಿಯೋ?

2006ರಲ್ಲಿ ತೆರೆ ಕಂಡ ‘ಟೋಕಿಯೋ ಡ್ರಿಫ್ಟ್’ ಎಂಬ ಹಾಲಿವುಡ್ ಚಿತ್ರವನ್ನು ನಿಮ್ಮ ಮನೆಯ ಹುಡುಗ ನೋಡಿದ್ದರೆ, ಅದರ ನಾಯಕ ಓಡಿಸುವ ಕೆಂಪು ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಕಾರು ಅವನಿಗೆ ಚೆನ್ನಾಗಿಯೇ ನೆನಪಿರುತ್ತದೆ. ಅಡ್ಡಡ್ಡ ಜಾರುತ್ತ, ಟೈರಿನಿಂದ ಹೊಗೆಯೆಬ್ಬಿಸುತ್ತ ತಿರುವು ಕಳೆಯುವ ಕಾರು ಅದು. ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಆ ಮಾದರಿಯಲ್ಲಿ ಎಂಜಿನ್ನಿನ ಬಲ ನಾಲ್ಕೂ ಗಾಲಿಗಳಿಗೆ ಹೋಗುತ್ತಿತ್ತು. ಆದರೆ ಚಿತ್ರದಲ್ಲಿ ಜಾರಿದ್ದು ಆ ಕಾರಲ್ಲ. ಚಿತ್ರೀಕರಣಕ್ಕೆಂದು ಅದರ ಮುಂದಿನ ಗಾಲಿಗಳಿಗೆ ಬಲ ಹೋಗದಂತೆ ಮಾಡಿ, ಹಿಂದಿನ ಎರಡು ಗಾಲಿಗಳಷ್ಟೇ ತಳ್ಳುವ ಕಾರನ್ನಾಗಿ ಮಾರ್ಪಡಿಸಿದ್ದರು. ಪರದೆಯ ಮೇಲೆ ಈ ಗುಟ್ಟನ್ನು ಯಾರೂ ಹೇಳುವುದಿಲ್ಲ. ಹುಡುಗ ಮಾತ್ರ, ಡ್ರಿಫ್ಟ್ ಕಲಿಯಬೇಕಾದರೆ ಆಲ್ ವೀಲ್ ಡ್ರೈವ್ ಕಾರೇ ಬೇಕು ಎಂದು ನಂಬಿ ಮನೆಗೆ ಬಂದಿರುತ್ತಾನೆ.

ಡ್ರಿಫ್ಟ್ ಎಂದರೆ ಕಾರು ಅಂಕೆ ತಪ್ಪಿ ಜಾರುವುದಲ್ಲ, ಬೇಕೆಂದೇ ಜಾರಿಸಿ, ಆ ಜಾರುವಿಕೆಯನ್ನು ತಿರುವಿನುದ್ದಕ್ಕೂ ಕೈಯಲ್ಲಿ ಹಿಡಿದಿಡುವುದು. ಮೂಗು ತಿರುವಿನ ಒಳಗೆ, ಬಾಲ ಹೊರಗೆ, ಸ್ಟೀರಿಂಗ್ ಮಾತ್ರ ತಿರುವಿಗೆ ವಿರುದ್ಧ ದಿಕ್ಕಿನಲ್ಲಿ. ಇದನ್ನೊಂದು ಕಲೆಯಾಗಿ ಬೆಳೆಸಿದವರು ಜಪಾನಿನವರು. ಕುನಿಮಿತ್ಸು ತಕಹಾಶಿ ಎಂಬಾತ ಮೊದಲು ಮೋಟಾರ್ ಸೈಕಲ್ ಓಟಗಾರ. 1961ರಲ್ಲಿ ಪಶ್ಚಿಮ ಜರ್ಮನಿಯ ಗ್ರ್ಯಾನ್ ಪ್ರೀ ಗೆದ್ದು, ಅಂಥ ಗೆಲುವು ಕಂಡ ಮೊದಲ ಜಪಾನೀಯ ಎನಿಸಿಕೊಂಡ. ಮುಂದೆ ಕಾರು ಓಟಕ್ಕೆ ಬಂದು, 1970ರ ದಶಕದಲ್ಲಿ ನಿಸ್ಸಾನ್ ಸ್ಕೈಲೈನ್ ಕಾರನ್ನು ತಿರುವುಗಳಲ್ಲಿ ಜಾರಿಸಿಕೊಂಡೇ ಹೋಗತೊಡಗಿದ. ಅದನ್ನು ನೋಡಿ ಮರುಳಾದವನು 1956ರಲ್ಲಿ ಹುಟ್ಟಿದ ಕೇಯಿಚಿ ತ್ಸುಚಿಯಾ. ಮುಂದೆ ‘ಡ್ರಿಫ್ಟ್ ಕಿಂಗ್’ ಎಂದು ಹೆಸರಾದ ಈತ, ಮೇಲೆ ಹೇಳಿದ ಚಿತ್ರದಲ್ಲಿ ಮೀನು ಹಿಡಿಯುವವನ ವೇಷದಲ್ಲಿ ಒಂದು ಗಳಿಗೆ ಕಾಣಿಸಿಕೊಳ್ಳುತ್ತಾನೆ. ಅವನ ಹೆಸರಿನೊಂದಿಗೆ ಅಂಟಿಕೊಂಡ ಕಾರು ಯಾವುದು ಗೊತ್ತೇ? ಟೊಯೊಟಾ ಕಂಪನಿ 1983ರಿಂದ 1987ರವರೆಗೆ ತಯಾರಿಸಿದ ಎಇ86. 1.6 ಲೀಟರಿನ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ, ಹಿಂದಿನ ಗಾಲಿಗಳಿಗೆ ಮಾತ್ರ ಬಲ. ಭಾರಿ ಶಕ್ತಿಯ ಕಾರೇನಲ್ಲ.

ಇಷ್ಟು ಸಾಧಾರಣ ಕಾರು ಒಳ್ಳೆಯ ಗುರು ಹೇಗಾಯಿತು? ಉತ್ತರ ಇರುವುದು ಟೈರಿನಲ್ಲಿ.

ರಸ್ತೆಯನ್ನು ಹಿಡಿದುಕೊಳ್ಳುವ ಟೈರಿನ ಶಕ್ತಿ ತಿಂಗಳ ಸಂಬಳವಿದ್ದಂತೆ. ಇರುವುದೇ ಇಷ್ಟು. ಕಾರನ್ನು ಮುಂದೆ ತಳ್ಳುವುದಕ್ಕೂ ಅದರಿಂದಲೇ ಖರ್ಚು, ತಿರುವಿನಲ್ಲಿ ಹೊರಕ್ಕೆ ಸರಿಯದಂತೆ ಹಿಡಿಯುವುದಕ್ಕೂ ಅದರಿಂದಲೇ ಖರ್ಚು. ಆದರೆ ಈ ಲೆಕ್ಕ ಕಿರಾಣಿ ಅಂಗಡಿಯ ಕೂಡು-ಕಳೆ ಲೆಕ್ಕವಲ್ಲ. ನೂರರಲ್ಲಿ 60 ಪಾಲು ತಳ್ಳುವುದಕ್ಕೆ ಹೋದರೆ ತಿರುವಿಗೆ ಉಳಿಯುವುದು 40 ಅಲ್ಲ, 80. ಎರಡೂ ಬಲಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ನಡೆಯುವುದು ನಿಮ್ಮ ಪಠ್ಯಪುಸ್ತಕದ ಪೈಥಾಗರಸನ ಪ್ರಮೇಯ: 60ರ ವರ್ಗ, 80ರ ವರ್ಗ ಕೂಡಿದರೆ 100ರ ವರ್ಗ. ಹತ್ತನೆಯ ತರಗತಿಯವರಿಗೆ ಈ ಪ್ರಮೇಯದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಈಗ ಎರಡು ಕಾರುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸೋಣ. ಎಂಜಿನ್ನಿನ ಬಲ ಎರಡರಲ್ಲೂ ಅಷ್ಟೇ, ತೂಕವೂ ನಾಲ್ಕು ಗಾಲಿಗಳ ಮೇಲೆ ಸಮನಾಗಿ ಹಂಚಿಕೆಯಾಗಿದೆ ಎನ್ನಿ. ಹಿಂದಿನ ಗಾಲಿಗಳು ತಳ್ಳುವ ಕಾರಿನಲ್ಲಿ ಆ ಎರಡು ಟೈರುಗಳು 60 ಪಾಲು ಖರ್ಚು ಮಾಡುತ್ತಿದ್ದರೆ ತಿರುವಿಗೆ ಅವುಗಳಲ್ಲಿ ಉಳಿದದ್ದು 80. ಮುಂದಿನ ಎರಡರಲ್ಲಿ ನೂರೂ ಹಾಗೆಯೇ ಇದೆ. ಮೊದಲು ಜಾರುವುದು ಯಾವುದು? ಬಾಲ. ಅದೇ ಬಲವನ್ನು ನಾಲ್ಕಕ್ಕೂ ಹಂಚಿದರೆ ತಲಾ 30 ಖರ್ಚು. ವರ್ಗ ಮಾಡಿ, ಕಳೆದು, ಮೂಲ ತೆಗೆದು ನೋಡಿ: ಪ್ರತಿ ಟೈರಿನಲ್ಲೂ ತಿರುವಿಗೆ 95 ಪಾಲು ಉಳಿದಿರುತ್ತದೆ. ಯಾವ ಗಾಲಿಗೂ ಅವಸರವಿಲ್ಲ. ಕಾರು ಸುಮ್ಮನೆ ತಿರುಗಿಕೊಂಡು ಹೋಗುತ್ತದೆ.

ಇನ್ನೂ ಒಂದು ಲೆಕ್ಕ, ಇದು ಪಿಯುಸಿಯವರಿಗೆ. ಒದ್ದೆ ಮೈದಾನದಲ್ಲಿ ಒಂದು ಕೋನ್ ಇಟ್ಟು, 15 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದ್ದೇವೆ. ನೆಲದ ಘರ್ಷಣ ಗುಣಾಂಕ 0.5 ಎಂದುಕೊಳ್ಳಿ. ಆಕ್ಸಿಲರೇಟರಿನ ಸುದ್ದಿಗೇ ಹೋಗದಿದ್ದರೆ, ಎರಡೂ ಕಾರುಗಳು ಹಿಡಿತ ಕಳೆದುಕೊಳ್ಳುವ ವೇಗ ಒಂದೇ: ಗಂಟೆಗೆ ಸುಮಾರು 31 ಕಿಲೋಮೀಟರ್. ನಾಲ್ಕು ಗಾಲಿಯ ಚಾಲನೆ ಇದ್ದರೆ ತಿರುವಿನಲ್ಲಿ ಹಿಡಿತವೇ ಹೆಚ್ಚು ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ಈಗ ವೇಗವನ್ನು 20ಕ್ಕೆ ಇಳಿಸಿ. ತಿರುಗುವುದಕ್ಕೆ ಪ್ರತಿ ಟೈರಿಗೂ ಬೇಕಾದದ್ದು 42 ಪಾಲು. ಹಿಂದಿನ ಗಾಲಿಯ ಕಾರಿನಲ್ಲಿ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ, ಹಿಂದಿನ ಟೈರುಗಳ ಖರ್ಚು 90 ಪಾಲು ದಾಟಿತೋ ಬಾಲ ಹೊರಟಿತು. ಅದೇ ಬಲವನ್ನು ನಾಲ್ಕು ಗಾಲಿಯ ಕಾರಿಗೆ ಕೊಟ್ಟರೆ ತಲಾ 45. ತಿರುವಿನ 42 ಸೇರಿ ಒಟ್ಟು ಖರ್ಚು 62ರ ಆಸುಪಾಸು. ಏನೂ ಆಗುವುದಿಲ್ಲ. ಅದನ್ನು ಜಾರಿಸಬೇಕಾದರೆ ಎಂಜಿನ್ನಿಗೆ ಬಹಳ ಹೆಚ್ಚು ಶಕ್ತಿ ಬೇಕು, ಇಲ್ಲವೇ ವೇಗವನ್ನು 31ರ ಹತ್ತಿರಕ್ಕೆ ಒಯ್ಯಬೇಕು. 20ಕ್ಕೂ 31ಕ್ಕೂ ಅಂಥ ವ್ಯತ್ಯಾಸವೇನು ಎನ್ನಬೇಡಿ. ಚಲನಶಕ್ತಿ ಏರುವುದು ವೇಗದ ವರ್ಗದಂತೆ; ಇಲ್ಲಿ ಅದು 2.4 ಪಟ್ಟಾಗುತ್ತದೆ. ಅಡ್ಡ ಸಿಕ್ಕ ತಡೆಗೋಡೆಗೆ ಬಡಿಯುವುದು ಆ ಶಕ್ತಿಯೇ.

ಕಲಿಯುವವನಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇಲ್ಲ. ಹಿಂದಿನ ಗಾಲಿಯ ಕಾರು ತಪ್ಪು ಮಾಡಲು ಕಡಿಮೆ ವೇಗದಲ್ಲೇ ಅವಕಾಶ ಕೊಡುತ್ತದೆ, ಮಾಡಿದ ತಪ್ಪನ್ನು ಆ ಕ್ಷಣವೇ ತೋರಿಸುತ್ತದೆ. ಅದರಲ್ಲಿ ಕೆಲಸಗಳೂ ಹಂಚಿಹೋಗಿವೆ: ಮುಂದಿನ ಗಾಲಿಗಳದು ದಿಕ್ಕು ತೋರುವ ಕೆಲಸ, ಹಿಂದಿನವುಗಳದು ತಳ್ಳುವ ಕೆಲಸ. ಬಾಲ ಎಷ್ಟು ಹೊರಹೋಗಬೇಕು ಎಂಬುದನ್ನು ಬಲಗಾಲು ನಿರ್ಧರಿಸುತ್ತದೆ, ಕಾರು ಎತ್ತ ಹೋಗಬೇಕು ಎಂಬುದನ್ನು ಕೈ ನಿರ್ಧರಿಸುತ್ತದೆ. ಹೆದರಿ ಆಕ್ಸಿಲರೇಟರಿನಿಂದ ಕಾಲನ್ನು ದಿಢೀರನೆ ತೆಗೆದರೆ ಹಿಂದಿನ ಟೈರುಗಳು ಥಟ್ಟನೆ ನೆಲ ಕಚ್ಚಿ, ಬಾಲ ಇನ್ನೊಂದು ಬದಿಗೆ ಚಾಟಿಯಂತೆ ಬೀಸುತ್ತದೆ. ಹೊಸಬರೆಲ್ಲ ಮೊದಲ ದಿನವೇ ಇದನ್ನು ಅನುಭವಿಸುತ್ತಾರೆ, ಒಂದೆರಡು ಗಿರಕಿ ಹೊಡೆದು ನಿಲ್ಲುತ್ತಾರೆ. ಒದ್ದೆ ಮೈದಾನದಲ್ಲಿ, 20 ಕಿಲೋಮೀಟರ್ ವೇಗದಲ್ಲಿ ಅದರಿಂದ ಆಗುವುದು ತಲೆಸುತ್ತು, ಅಷ್ಟೇ.

ನಾಲ್ಕು ಗಾಲಿಯ ಕಾರಿನ ಸ್ವಭಾವ ಬೇರೆ. ಅದರ ಮುಂದಿನ ಟೈರುಗಳು ದಿಕ್ಕನ್ನೂ ತೋರಬೇಕು, ಎಳೆಯಲೂ ಬೇಕು. ತಿರುವಿನ ನಡುವೆ ಹೆಚ್ಚಾಗಿ ಒತ್ತಿದರೆ ಬಾಲಕ್ಕೆ ಬದಲು ಮೂಗೇ ಹೊರಕ್ಕೆ ಸರಿಯುತ್ತದೆ; ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ಕೇಳುವುದಿಲ್ಲ. ಅಂತೂ ಬಾಲವನ್ನು ಹೊರತಂದೆವು ಎಂದುಕೊಳ್ಳಿ, ಆಗ ಮುಂದಿನ ಗಾಲಿಗಳು ಕಾರನ್ನು ಎಳೆದು ನೆಟ್ಟಗೆ ಮಾಡಲು ನೋಡುತ್ತವೆ. ಜಾರುವಿಕೆ ಬೇಗ ಮುಗಿದುಹೋಗುತ್ತದೆ. ಇದು ಕಾರಿನ ದೋಷವಲ್ಲ, ಗುಣ. ಮಳೆಯಲ್ಲಿ ಊರಿಗೆ ಹೋಗುವವನಿಗೆ ಬೇಕಾದದ್ದು ಇದೇ ತಾನೇ? ಹೀಗಾಗಿ ಅದನ್ನು ಜಾರಿಸುವವರು ತಿರುವಿಗೆ ಮೊದಲೇ ಸಿದ್ಧತೆ ಮಾಡಬೇಕು. ಬಲಕ್ಕೆ ತಿರುಗಬೇಕಾದರೆ ಮೊದಲು ಎಡಕ್ಕೊಮ್ಮೆ ಎಳೆದು, ಕಾರಿನ ಭಾರ ಒಂದು ಬದಿಗೆ ವಾಲಿದಾಗ ಥಟ್ಟನೆ ಬಲಕ್ಕೆ ತಿರುಗಿಸಿ, ಜೊತೆಗೆ ತುಸು ಬ್ರೇಕು ಹಾಕಿ ಬಾಲವನ್ನು ಎಸೆಯುತ್ತಾರೆ. ಉತ್ತರ ಯುರೋಪಿನ ರ‍್ಯಾಲಿ ಚಾಲಕರಿಂದ ಬಂದ ಈ ತಂತ್ರಕ್ಕೆ ಸ್ಕ್ಯಾಂಡಿನೇವಿಯನ್ ಫ್ಲಿಕ್ ಎಂದು ಹೆಸರು.

ಹಿಮ ಮತ್ತು ಜಲ್ಲಿ ಹಾದಿಗೆ ಬಂದರೆ ಮಾತ್ರ ಆಟ ಬದಲಾಗುತ್ತದೆ. 1980ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಆಡಿ ಕ್ವಾಟ್ರೊ ಬಂದ ಮೇಲೆ ರ‍್ಯಾಲಿ ಜಗತ್ತು ನಾಲ್ಕು ಗಾಲಿಯತ್ತ ತಿರುಗಿತು. 1981ರಲ್ಲಿ ಇಟಲಿಯ ಸ್ಯಾನ್ ರೆಮೊ ರ‍್ಯಾಲಿಯನ್ನು ಅದೇ ಕಾರಿನಲ್ಲಿ ಗೆದ್ದ ಮಿಷೆಲ್ ಮೂಟೋನ್, ವಿಶ್ವ ರ‍್ಯಾಲಿಯೊಂದನ್ನು ಗೆದ್ದ ಮೊದಲ ಮಹಿಳೆ. ಹಿಡಿತವೇ ಕಡಿಮೆ ಇರುವ ನೆಲದಲ್ಲಿ ನಾಲ್ಕೂ ಗಾಲಿಗಳನ್ನು ಜಾರಿಸುವುದು ಸುಲಭ, ಹೊರಬರಲು ನಾಲ್ಕರ ಎಳೆತವೂ ಇರುತ್ತದೆ. ಆದರೆ ಟಾರಿನ ಮೇಲಿನ ಡ್ರಿಫ್ಟ್ ಸ್ಪರ್ಧೆಯ ಕಥೆ ಬೇರೆ. ಜಪಾನಿನ ಡಿ1 ಗ್ರ್ಯಾನ್ ಪ್ರೀಯಲ್ಲಿ 2002ರ ಚಾಂಪಿಯನ್ ಕತ್ಸುಹಿರೊ ಉಎಒ ಓಡಿಸಿದ್ದು ಆ ಹಳೆಯ ಎಇ86ನ್ನೇ. 2006ರ ಚಾಂಪಿಯನ್ ನೊಬುಶಿಗೆ ಕುಮಾಕುಬೊ ಓಡಿಸಿದ್ದು ಸುಬಾರು ಇಂಪ್ರೆಝಾ, ಹುಟ್ಟಿನಿಂದ ನಾಲ್ಕು ಗಾಲಿಯದು, ಸ್ಪರ್ಧೆಗೆ ಹಿಂದಿನ ಗಾಲಿಗೆ ಬದಲಾಯಿಸಿದ್ದು. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 2017ರಲ್ಲಿ ತನ್ನ ಎಂ5 ಕಾರಿಗೆ ಮೊದಲ ಬಾರಿ ನಾಲ್ಕು ಗಾಲಿಯ ಚಾಲನೆ ಕೊಟ್ಟಾಗಲೂ, ಮುಂದಿನ ಗಾಲಿಗಳನ್ನು ಸುಮ್ಮನಾಗಿಸುವ ಒಂದು ವ್ಯವಸ್ಥೆಯನ್ನು ಉಳಿಸಿಕೊಂಡಿತು. ಜಾರಬೇಕೆನ್ನುವ ಗಿರಾಕಿಗಳು ಅದನ್ನು ಕೇಳುತ್ತಾರೆಂದು ತಯಾರಕರಿಗೆ ಗೊತ್ತು.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. ಜಾರುವ ಕಾರನ್ನು ಹಿಡಿಯಲು ಕಲಿತ ಮಗ ರಸ್ತೆಯಲ್ಲೂ ಹೆಚ್ಚು ಸುರಕ್ಷಿತ ಎಂದು ನಿಮಗನ್ನಿಸಬಹುದು. ಅನ್ನಿಸುವುದು ಸಹಜ. ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರು ನೆಲದ ತರಬೇತಿಯನ್ನು ಕಡ್ಡಾಯ ಮಾಡಿ, ಅದರ ಫಲವನ್ನು ಅಳೆದ ಅಧ್ಯಯನವೊಂದು 1988ರಲ್ಲಿ ಹೊರಬಂತು. ತರಬೇತಿ ಪಡೆದ ಯುವಕರ ಅಪಘಾತಗಳು ತಗ್ಗಿರಲಿಲ್ಲ, ಬದಲಿಗೆ ಏರಿದ್ದವು! ಕೈಗೆ ಬಂದ ಕೌಶಲಕ್ಕಿಂತ ತಲೆಗೆ ಏರಿದ ಧೈರ್ಯ ದೊಡ್ಡದಾಗಿತ್ತು ಎಂಬುದು ಇಂಥ ಫಲಿತಾಂಶಕ್ಕೆ ತಜ್ಞರು ಕೊಡುವ ವಿವರಣೆ. ಆದ್ದರಿಂದ ಡ್ರಿಫ್ಟನ್ನು ಈಜು, ಜಿಮ್ನಾಸ್ಟಿಕ್ಸ್‌ನಂತೆ ಒಂದು ಕ್ರೀಡೆಯೆಂದು ಕಲಿಸುವುದಾದರೆ ನನ್ನ ಆಕ್ಷೇಪವಿಲ್ಲ. ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಅದನ್ನು ಮಾರುವವರ ಮಾತನ್ನು ಮಾತ್ರ ನಂಬುವುದು ಬೇಡ.

ನಮ್ಮ ಮನೆಗಳಲ್ಲಿರುವ ಕಾರುಗಳಂತೂ ಈ ಎರಡೂ ಜಾತಿಗೆ ಸೇರಿದವಲ್ಲ. ಅಪ್ಪಂದಿರು, ಅಜ್ಜಂದಿರು ಓಡಿಸಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹಿಂದಿನ ಗಾಲಿಗಳೇ ತಳ್ಳುತ್ತಿದ್ದವು. ಒದ್ದೆ ರಸ್ತೆಯಲ್ಲಿ ಬಾಲ ಅಲುಗಿದ್ದು ಅವರಲ್ಲಿ ಹಲವರಿಗೆ ಇನ್ನೂ ನೆನಪಿರಬಹುದು. 1983ರ ಕೊನೆಗೆ ಮಾರುತಿ 800 ಬಂದಲ್ಲಿಂದ ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿ ಎಳೆಯುವುದೇ ವಾಡಿಕೆಯಾಯಿತು. ಅಂಥ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಬಾಲ ತಿರುಗಿಸಿದರೆ ಅದು ಡ್ರಿಫ್ಟ್ ಆಗುವುದಿಲ್ಲ, ಬರೀ ಗಿರಕಿ. ಅದನ್ನು ಬಡಾವಣೆಯ ರಸ್ತೆಯಲ್ಲಿ ಮಾಡಿದರೆ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು ಕಾದಿದೆ. 2019ರ ತಿದ್ದುಪಡಿಯ ನಂತರ, ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ವಾಹನದ ಮಾಲೀಕರಿಗೋ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಆಗಬಹುದು.

ಇಷ್ಟೆಲ್ಲ ತಿಳಿದೂ, ಲೈಸೆನ್ಸ್ ಬಂದ ಮೇಲೆ ಕಲಿಯಲೇಬೇಕು ಎನ್ನುವವರು ಮುಚ್ಚಿದ ಮೈದಾನ, ಹೆಲ್ಮೆಟ್, ಪಕ್ಕದಲ್ಲಿ ತರಬೇತುದಾರ, ಇವಿಷ್ಟನ್ನು ಮೊದಲು ಹೊಂದಿಸಿಕೊಳ್ಳಬೇಕು. ಕಾರು ಹಿಂದಿನ ಗಾಲಿಯದು, ಶಕ್ತಿ ಕಡಿಮೆಯದು, ನೆಲ ಒದ್ದೆಯಾದದ್ದು. ಜಾರಿದೊಡನೆ ತಾನೇ ಎಂಜಿನ್ನಿನ ಬಲ ತಗ್ಗಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಕಾರಿನಲ್ಲಿದ್ದರೆ ಮೈದಾನದಲ್ಲಿ ಅದನ್ನು ಆರಿಸಬೇಕು, ಗೇಟು ದಾಟುವ ಮುನ್ನ ಮತ್ತೆ ಹಾಕಬೇಕು. ಮೊದಲು ಒಂದೇ ಕೋನ್ ಸುತ್ತ ಒಂದು ದಿಕ್ಕಿಗೆ, ಆಮೇಲೆ ಇನ್ನೊಂದು ದಿಕ್ಕಿಗೆ. ನೋಟ ಬಾನೆಟ್ಟಿನ ಮೇಲಲ್ಲ, ಹೋಗಬೇಕಾದ ಕಡೆಗೆ. ಬಾಲ ಯಾವಾಗ ಹೊರಡುತ್ತದೆ ಎಂಬುದನ್ನು ಅದು ಹೊರಡುವ ಮೊದಲೇ ಬಾಯಿಬಿಟ್ಟು ಹೇಳಲು ಬಂದ ದಿನ, ಎರಡನೆಯ ಕೋನ್ ಇಟ್ಟು ಎಂಟರ ಆಕಾರದಲ್ಲಿ ಸುತ್ತಬಹುದು. ನಾಲ್ಕು ಗಾಲಿಯ ಕಾರಿಗೆ ಕೈ ಹಾಕುವುದು ಅದಾದ ಮೇಲೆ, ಅದೂ ಜಲ್ಲಿ ನೆಲದಲ್ಲಿ. ಒಣ ಟಾರಿನ ಮೇಲೆ ಅದನ್ನು ಬಲವಂತದಿಂದ ಗಿರಕಿ ಹೊಡೆಸಲು ಹೋದವರಿಗೆ ಮೊದಲು ಬರುವುದು ಕ್ಲಚ್ ಸುಟ್ಟ ವಾಸನೆ. ಟೈರು ಸವೆದಾಗ ಬದಲಾಯಿಸಬೇಕಾದದ್ದೂ ಎರಡಲ್ಲ, ನಾಲ್ಕು.