ಪಾಲಿಟಿಕ್ಸ್ ತೆಗೆದ್ರೆ ಕೊಲೆಗಾರನೂ ಸಿಗಲ್ಲ

ಆಫೀಸಿನ ಗೆಳೆಯರು ಸೇರಿ ಈ ಸಲ ಓದಿದ್ದು ವಾಲ್ಟರ್ ಮೋಸ್ಲಿಯ ‘ಲಿಟಲ್ ಸ್ಕಾರ್ಲೆಟ್’. 2004ರಲ್ಲಿ ಬಂದ ಪತ್ತೇದಾರಿ ಕಾದಂಬರಿ. ಎಲ್ಲರದ್ದೂ ಒಂದೇ ಕಂಪ್ಲೇಂಟು: “ಕೊಲೆ ಮಾಡಿದ್ದು ಯಾರು ಅಂತ ಹೇಳೋದು ಬಿಟ್ಟು ಕಪ್ಪು-ಬಿಳಿ ಅಂತ ಕೊರೀತಾನೆ. ಆ ಪಾಲಿಟಿಕ್ಸ್ ತೆಗೆದ್ರೆ ಸಕ್ಕತ್ ಥ್ರಿಲ್ಲರ್.”

ತೆಗೆದು ನೋಡಿ ಸ್ವಾಮಿ, ಏನು ಉಳಿಯತ್ತೆ ಅಂತ.

ಕತೆ ನಡೆಯೋದು 1965ರ ಆಗಸ್ಟಿನಲ್ಲಿ, ಲಾಸ್ ಏಂಜಲೀಸಿನ ವಾಟ್ಸ್ ಸುತ್ತಮುತ್ತ. ಕುಡಿದು ಗಾಡಿ ಓಡಿಸಿದ ಅಂತ ಕಪ್ಪು ಯುವಕನೊಬ್ಬನನ್ನ ಪೊಲೀಸರು ಹಿಡಿದಲ್ಲಿಂದ ಶುರುವಾದ ಗಲಭೆ ಆರು ದಿನ ನಡೆದು 34 ಜನ ಸತ್ತರು. ಅದಕ್ಕೆ ಐದೇ ದಿನ ಮುಂಚೆ ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕಿನ ಕಾಯ್ದೆಗೆ ಸಹಿ ಹಾಕಿದ್ದರು. ಆದರೆ ಬಣ್ಣ ನೋಡಿ ಮನೆ ಕೊಡೋದನ್ನ ತಡೆಯುವ ಕಾನೂನನ್ನ ಕ್ಯಾಲಿಫೋರ್ನಿಯಾದ ಜನ 1964ರಲ್ಲೇ ವೋಟು ಹಾಕಿ ಕಿತ್ತೆಸೆದಿದ್ದರು.

ಗಲಭೆ ತಣ್ಣಗಾಗೋ ಹೊತ್ತಿಗೆ ಕಪ್ಪು ಹೆಂಗಸೊಬ್ಬಳ ಕೊಲೆಯಾಗಿರತ್ತೆ. ಗುಂಪಿನಿಂದ ತಪ್ಪಿಸಿಕೊಂಡು ಅವಳಿದ್ದ ಕಟ್ಟಡದೊಳಗೆ ಓಡಿದ್ದ ಬಿಳಿಯನ ಮೇಲೆ ಅನುಮಾನ. ಸುದ್ದಿ ಹೊರಬಿದ್ದರೆ ಮತ್ತೆ ಬೆಂಕಿ. ಪೊಲೀಸರು ಕೇಳಿದ್ರೆ ಅಲ್ಲಿ ಯಾರೂ ಬಾಯಿ ಬಿಡಲ್ಲ. ಹಾಗಾಗಿ ಶಾಲೆಯೊಂದರಲ್ಲಿ ಕೆಲಸ ಮಾಡ್ಕೊಂಡಿರೋ ಕಪ್ಪು ಮನುಷ್ಯ ಈಜಿ ರಾಲಿನ್ಸ್ ಹತ್ತಿರ ಬರ್ತಾರೆ. ದೊಡ್ಡ ಅಧಿಕಾರಿಯ ಸಹಿ ಇರೋ ಪತ್ರವೊಂದನ್ನ ಕೈಗೆ ಕೊಡ್ತಾರೆ. ತಾನು ಹುಟ್ಟಿದ ದೇಶದಲ್ಲಿ, ದುಡಿದು ಮನೆ ಮಾಡಿಕೊಂಡಿರೋ ಊರಲ್ಲಿ ಓಡಾಡೋಕೆ ಅವನಿಗೆ ಪತ್ರ ಬೇಕು!

ಯಾವ ಬೀದಿಗೆ ಯಾರು ಕಾಲಿಡಬಹುದು, ಯಾರ ಮುಂದೆ ಯಾರು ಸುಳ್ಳು ಹೇಳ್ತಾರೆ ಅನ್ನೋದೇ ಇಲ್ಲಿ ಸುಳಿವು. ಪಾತ್ರಗಳು ಜಾಸ್ತಿಯಾದವು, ಹೆಸರು ನೆನಪಿಟ್ಟುಕೊಳ್ಳೋದು ಕಷ್ಟ ಅಂದ್ರೆ ಒಪ್ತೀನಿ. ಆದರೆ ಕೊಲೆಗಾರ ಇಷ್ಟು ದಿನ ಯಾಕೆ ಸಿಕ್ಕಿಬಿದ್ದಿರಲಿಲ್ಲ? ಹಿಂದೆ ಸತ್ತವರೂ ಕಪ್ಪು ಹೆಂಗಸರೇ, ಅದಕ್ಕೆ ಯಾರೂ ಸರಿಯಾಗಿ ಹುಡುಕಿರಲಿಲ್ಲ. ಇದು ಪಾಲಿಟಿಕ್ಸೋ, ಪ್ಲಾಟೋ? ನೀವೇ ಹೇಳಿ.

ನಾನೂ ಊರ ಲೈಬ್ರರೀಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ್ನ ಓದಿ ಬೆಳೆದವನೇ. ಪತ್ತೇದಾರ ಅಂದ್ರೆ ಯಾರ ಮನೆ ಬಾಗಿಲು ಬೇಕಾದ್ರೂ ತಟ್ಟಬಹುದು ಅಂದ್ಕೊಂಡಿದ್ದೆ. ಆ ಪುಸ್ತಕಗಳನ್ನ ನನ್ನ ಜೊತೆ ಹಂಚಿಕೊಂಡು ಓದ್ತಿದ್ದ ಕ್ಲಾಸ್‌ಮೇಟ್ ಒಬ್ಬನಿದ್ದ. ವಾಪಸ್ ಕೊಡೋಕೆ ಬಂದಾಗ ನಮ್ಮ ಜಗಲಿ ಹತ್ತುತ್ತಿರಲಿಲ್ಲ, ಅಂಗಳದಲ್ಲೇ ನಿಂತು ನನ್ನ ಹೆಸರು ಕೂಗ್ತಿದ್ದ. ಅಷ್ಟೊಂದು ಪತ್ತೇದಾರಿ ಓದಿದ್ದ ನಾನು, ಯಾಕೋ ಅಂತ ಒಂದು ದಿನಾನೂ ಕೇಳಲಿಲ್ಲ.