ಕಾಲ್ನಡಿಗೆಯಲ್ಲಿ ಸಿಂಹಗಡ

ಪುಣೆಯ ನಮ್ಮ ಕನ್ನಡ ಕುಟುಂಬಗಳು ರವಿವಾರ ಸಿಂಹಗಡಕ್ಕೆ ಹೋಗುವುದುಂಟು. ಆದರೆ ಹೆಚ್ಚಾಗಿ ಕಾರಿನಲ್ಲಿ. "ನಡೆದರೆ ಮಕ್ಕಳಿಗೆ ಕಷ್ಟವಾದೀತು" ಎಂಬುದು ನೆಪ. ಹಲವು ವರ್ಷ ನಾನೂ ಅದನ್ನೇ ಹೇಳಿದವನು. ರಕ್ತದಲ್ಲಿ ಸಕ್ಕರೆಯ ಅಂಶ ಏರಿದೆಯೆಂದು ವೈದ್ಯರು ಎಚ್ಚರಿಸಿದ ಬಳಿಕವೇ ಆತಕರವಾಡಿಯಿಂದ ನಡೆದು ಹೊರಟೆವು. ಊರಂಚಿನ ಹೊಲಗಳನ್ನು ದಾಟಿ ಕಾಡಿನ ಏರು ಹಿಡಿದ ಮೇಲೆ ನಾನು ಮೂರು ಕಡೆ ಕುಳಿತೆ. ಹತ್ತು ವರ್ಷದ ಮಗಳು ಮುಂದಿನ ತಿರುವಿನಲ್ಲಿ ನಗುತ್ತ ನಿಂತಿದ್ದಳು. ಕಷ್ಟ ಯಾರಿಗೆಂಬುದು ಆಗ ಸ್ಪಷ್ಟವಾಯಿತು!

ಸುಮಾರು 1300 ಮೀಟರ್ ಎತ್ತರದ ಈ ಕೋಟೆಯಲ್ಲಿ 1670ರಲ್ಲಿ ತಾನಾಜಿ ಮಡಿದುದನ್ನು ಎಲ್ಲರೂ ಬಲ್ಲರು. ಲೋಕಮಾನ್ಯ ತಿಲಕರು ಬೇಸಿಗೆಯಲ್ಲಿ ತಂಗುತ್ತಿದ್ದ ಮನೆಯೂ ಇಲ್ಲಿಯೇ ಇದೆ; 1915ರಲ್ಲಿ ಗಾಂಧೀಜಿ ಅವರನ್ನು ಕಂಡುದೂ ಇಲ್ಲಿಯೇ. ಬೆವರಿಳಿಸಿ ಬಂದವರು ಆ ಮನೆಯೆದುರು ತುಸು ಹೊತ್ತು ನಿಲ್ಲುತ್ತಾರೆ. ಕಾರಿನವರು ಬಹುಶಃ ಭಜಿಯ ಕಡೆಗೇ ಧಾವಿಸುತ್ತಾರೆ.

ನಮ್ಮ ಸಂಘದ ವಾರ್ಷಿಕ ಪ್ರವಾಸದ ಬಸ್ಸು ಆತಕರವಾಡಿಯಲ್ಲಿಯೇ ನಿಲ್ಲಲೆಂಬುದು ನನ್ನ ಆಗ್ರಹ. ಮೊಣಕಾಲು ನೋವಿರುವ ಹಿರಿಯರು ವಾಹನದಲ್ಲಿ ಬರಲಿ. ಮಳೆಗಾಲದಲ್ಲಿ ಹಾದಿ ಜಾರುವುದರಿಂದ ಚಳಿಗಾಲವೇ ಮೇಲು. ಬೆಳಗಿನ ಆರಕ್ಕೆ ಹೊರಡಬೇಕು, ಮಕ್ಕಳನ್ನು ಅವಸರಪಡಿಸಬಾರದು. ಮೇಲೆ ಪಿಠಲೆ-ಭಾಕರಿಯೂ ಮಡಕೆಯ ಮೊಸರೂ ದೊರೆಯುತ್ತವೆ. ಭಜಿ ಮಾತ್ರ ನನಗೆ ವರ್ಜ್ಯ. ಮಗಳ ಕಾವಲು ಬಲವಾಗಿದೆ.